ಕಿವಿ ಮೇಸ್ತ್ರಿಯ ‘ಹೂಂ’

ನಮ್ಮಪ್ಪನಿಗೆ ಊರು ಇಟ್ಟ ಹೆಸರು ಕಿವಿ ಮೇಸ್ತ್ರಿ. ಹೆತ್ತವರು ಇಟ್ಟ ಹೆಸರೂ ಒಂದಿದೆ, ಆದರೆ ಅದನ್ನು ಹಿಡಿದು ಕೂಗಿದರೆ ಅವನೇ ತಿರುಗಿ ನೋಡುವುದಿಲ್ಲ. ಬೇರೆ ಕಾರು ಮೇಸ್ತ್ರಿಗಳು ಬಾನೆಟ್ ಎತ್ತಿ, ಕೈ ಹಾಕಿ, ಸಿಕ್ಕಿದ ಬೋಲ್ಟನ್ನೆಲ್ಲ ಬಿಚ್ಚಿ ಹರಡಿಕೊಂಡು, ಆಮೇಲೆ ತಲೆ ಕೆರೆದುಕೊಳ್ಳುತ್ತಾರೆ. ಅಪ್ಪನದು ಹಾಗಲ್ಲ. ಇಂಜಿನ್ ಓಡಿಸಲು ಹೇಳಿ, ಬಾನೆಟ್ ಮೇಲೆ ಮಡಚಿದ ಬಟ್ಟೆ ಹಾಕಿ, ಅದರ ಮೇಲೆ ಕಿವಿಯಿಟ್ಟು ಕಣ್ಣು ಮುಚ್ಚುತ್ತಾನೆ. ಆಗ ಶೆಡ್ಡಿನಲ್ಲಿ ಯಾರೂ ತುಟಿ ಪಿಟಕ್ಕೆನ್ನುವ ಹಾಗಿಲ್ಲ. ಸ್ವಲ್ಪ ಹೊತ್ತಿಗೆ ಅವನ ತೋರುಬೆರಳು ಮೇಲೇಳುತ್ತದೆ. ಬೆರಳು ಎದ್ದಿತೆಂದರೆ ಕಾಯಿಲೆ ಸಿಕ್ಕಿತು ಎಂದರ್ಥ. ಅದಕ್ಕೂ ಮೊದಲು ಸ್ಪ್ಯಾನರ್ ಮುಟ್ಟಿದವರಿಗೆ ಬೈಗುಳ ಗ್ಯಾರಂಟಿ.

ಶೆಡ್ಡು ಅಂದರೆ ನಮ್ಮ ಮನೆಯ ಮುಂಭಾಗವೇ. ತಗಡಿನ ಮಾಡು, ಎಣ್ಣೆ ಕುಡಿದು ಕಪ್ಪಾದ ನೆಲ, ಗೋಡೆಯ ಮೊಳೆಗಳಲ್ಲಿ ನೇತಾಡುವ ಬೆಲ್ಟುಗಳು, ಹಿಂದಿನ ಬಾಗಿಲು ತೆರೆದರೆ ನೇರ ಅಡುಗೆಮನೆ. ಅಮ್ಮ ಇದ್ದಾಗ ಸೌಟು ಹಿಡಿದುಕೊಂಡೇ ಬಂದು, ‘ಊಟಕ್ಕೆ ಬರ್ತೀಯೋ, ಇಲ್ಲಾ ಆ ಕಾರ್ಬುರೇಟರನ್ನೇ ಹುರಿದು ಹಾಕ್ಲೋ?’ ಎಂದು ಕೇಳುತ್ತಿದ್ದಳು. ಅಮ್ಮ ಹೋದ ಮೇಲೆ ಸೌಟೂ ನನ್ನ ಕೈಗೇ ಬಂತು, ಸ್ಪ್ಯಾನರ್ ಮೊದಲೇ ಇತ್ತು.

ನಾವು ಇಬ್ಬರು ಹೆಣ್ಣುಮಕ್ಕಳು, ನಾನು ದೊಡ್ಡವಳು. ಚಿಕ್ಕವಳನ್ನು ಅಪ್ಪ ಇವತ್ತಿಗೂ ಕರೆಯುವುದು ‘ಪುಟ್ಟೀ’ ಎಂದು. ನನ್ನನ್ನು ಕರೆಯುವುದು ‘ಏ, ಇವಳೇ’ ಎಂದು. ರಿಪೇರಿಗೆ ಬಂದ ಕಾರುಗಳಲ್ಲಿ ಅವಳು ಅಪ್ಪನ ತೊಡೆಯ ಮೇಲೆ ಕೂತು ಪೋಂ ಪೋಂ ಎಂದು ಹಾರ್ನ್ ಒತ್ತಿ ನಗುತ್ತಿದ್ದಾಗ ನಾನು ಕಾರಿನ ಕೆಳಗೆ ಟಾರ್ಚ್ ಹಿಡಿದು ಮಲಗಿರುತ್ತಿದ್ದೆ. ಬೆಳಕು ಒಂದಿಷ್ಟು ಅಲುಗಿದರೆ ‘ಎಲ್ಲಿದೆ ಗಮನ? ಕೈಗೇನು ಲಕ್ವ ಹೊಡೆದಿದೆಯಾ?’ ಎಂದು ಗದರಿಕೆ. ಅವಳು ಓದಿದಳು, ರಕ್ತ ಪರೀಕ್ಷೆ ಮಾಡುವ ಲ್ಯಾಬಿನಲ್ಲಿ ಕೆಲಸ ಹಿಡಿದಳು, ಮದುವೆಯಾಗಿ ದೂರದ ಊರಿಗೆ ಹೋದಳು. ನನ್ನನ್ನು ನೋಡಲು ಬಂದವರು ನನ್ನ ಉಗುರು ನೋಡಿ ಎದ್ದು ಹೋದರು. ಹೋದರೆ ಹೋಗಲಿ, ಪೀಡೆ ತೊಲಗಿತು ಎಂದುಕೊಂಡು ನಾನು ಮತ್ತೆ ಕಾರಿನ ಕೆಳಗೆ ಸರಿದೆ.

ಹೊಟ್ಟೆಕಿಚ್ಚಾ ಎಂದು ಕೇಳುತ್ತೀರೇನೋ. ಹೌದು, ಹೊಟ್ಟೆಕಿಚ್ಚೇ. ಸುತ್ತಿ ಬಳಸಿ ಹೇಳಲು ನನಗೆ ಬರುವುದಿಲ್ಲ. ವರ್ಷಕ್ಕೊಮ್ಮೆ ನೆಂಟರಂತೆ ಬಂದು ಹೋಗುವವಳಿಗೆ ಮುದ್ದು, ದಿನಾ ಅನ್ನ ಬಡಿಸುವವಳಿಗೆ ‘ಉಪ್ಪು ಜಾಸ್ತಿ’. ಹಿತ್ತಲ ಗಿಡ ಮದ್ದಲ್ಲ ಅಂತ ಸುಮ್ಮನೆ ಹೇಳಿದರೇ ಹಿರಿಯರು? ನನಗೆ ಅಪ್ಪನ ಆಸ್ತಿ ಬೇಡ, ತೊಡೆಯೂ ಬೇಡ. ಬೇಕಾಗಿದ್ದು ಒಂದೇ ಒಂದು ಮಾತು. ‘ನೀನಿಲ್ಲದಿದ್ದರೆ ನನಗಾಗದು’ ಎಂದು ಒಮ್ಮೆ, ನಾಲ್ಕು ಜನ ಕೇಳುವಂತೆ, ಅದರಲ್ಲೂ ಅವಳು ಕೇಳುವಂತೆ, ಅವನ ಬಾಯಿಂದ ಬರಬೇಕಿತ್ತು.

ಬರಬೇಕಾದ ಕಾರಣವೂ ಇತ್ತು. ಒಂದು ವರ್ಷದಿಂದ ಕಿವಿ ಮೇಸ್ತ್ರಿಯ ಕಿವಿ ನಾನೇ.

ಅದು ಗೊತ್ತಾಗಿದ್ದು ಹೀಗೆ. ಅಪ್ಪ ಬಾನೆಟ್ಟಿಗೆ ಕಿವಿಯಿಟ್ಟು, ಬೆರಳೆತ್ತುವ ಬದಲು ನನ್ನ ಕಡೆ ತಿರುಗಿ ‘ಏ, ಇವಳೇ, ನೀನು ಹೇಳು ನೋಡೋಣ’ ಎನ್ನಲು ಶುರು ಮಾಡಿದ. ನಾನು ಹೇಳುತ್ತಿದ್ದೆ, ಅವನು ‘ಹೂಂ, ಸರಿ’ ಎಂದು ಬೆರಳೆತ್ತುತ್ತಿದ್ದ. ಇಷ್ಟು ವರ್ಷವಾದರೂ ನನಗಿನ್ನೂ ಪರೀಕ್ಷೆ ಮಾಡುತ್ತಾನಲ್ಲ ಎಂದು ಮೈ ಉರಿಯುತ್ತಿತ್ತು. ಒಂದು ದಿನ ಶಾಲಾ ವ್ಯಾನಿನ ಡ್ರೈವರ್ ಫೋನ್ ಬಂತೆಂದು ಇಂಜಿನ್ ಆರಿಸಿ ಹೊರಗೆ ಹೋದ. ಅಪ್ಪನ ಕಿವಿ ಬಾನೆಟ್ ಮೇಲೇ ಇತ್ತು. ಕಣ್ಣು ಮುಚ್ಚಿ, ನಿಂತುಹೋದ ಇಂಜಿನ್ನಿಗೆ ತಲೆದೂಗುತ್ತಾ ನಿಂತಿದ್ದ. ಅವನಿಗೆ ಕಿವಿ ಕೇಳುತ್ತಿಲ್ಲ ಎಂದು ಆಗ ತಿಳಿಯಿತು. ಡ್ರೈವರ್ ತಿರುಗಿ ಬರುವಷ್ಟರಲ್ಲಿ ನಾನೇ ಅಪ್ಪನ ಭುಜ ಮುಟ್ಟಿ, ಜೋರಾಗಿ ‘ಟೈಮಿಂಗ್ ಬೆಲ್ಟ್ ಅಲ್ವಾಪ್ಪ?’ ಎಂದೆ. ‘ಹೂಂ, ಸರಿ’ ಎಂದ. ಬೆರಳು ಎದ್ದಿತು.

ಆ ವಿಷಯ ಅವನೂ ಆಡಲಿಲ್ಲ, ನಾನೂ ಆಡಲಿಲ್ಲ. ಬಲಗಿವಿಯ ಹತ್ತಿರ ಬಾಯಿಟ್ಟು ಕೂಗಿದರೆ ಅಷ್ಟೋ ಇಷ್ಟೋ ಕೇಳುತ್ತದೆ, ಎಡಗಿವಿ ಪೂರಾ ಸೊನ್ನೆ. ಅಂದಿನಿಂದ ನಾನು ಅವನ ಬಲಗಡೆಯೇ ನಿಲ್ಲುತ್ತೇನೆ. ಗಿರಾಕಿ ಏನಾದರೂ ಕೇಳಿದರೆ ಅಪ್ಪನಿಗಿಂತ ಮೊದಲು ನಾನೇ ಬಾಯಿ ಹಾಕುತ್ತೇನೆ. ‘ಮೇಸ್ತ್ರಿ ಕಿವಿ ಅಂದ್ರೆ ಕಿವಿ ಕಣ್ರೀ, ಆದ್ರೆ ಆ ಮಗಳದ್ದು ಬಾಯಿ ಸ್ವಲ್ಪ ಜೋರು’ ಎಂದು ಎದುರಿನ ಟೀ ಅಂಗಡಿಯವನು ಗಿರಾಕಿಗಳಿಗೆ ಹೇಳುವುದನ್ನು ನಾನೇ ಕೇಳಿದ್ದೇನೆ. ದುಡಿತ ನನ್ನದು, ಹೊಗಳಿಕೆ ಅಪ್ಪನದು, ಬಜಾರಿ ಎಂಬ ಬಿರುದು ಮತ್ತೆ ನನ್ನದು.

ಇದೆಲ್ಲ ಇರಲಿ, ಸಹಿಸಿಕೊಂಡೆ. ನನ್ನ ತಲೆ ಕೆಡಿಸಿದ್ದು ಭಾನುವಾರದ ಫೋನ್. ಪ್ರತಿ ಭಾನುವಾರ ಸಂಜೆ ಚಿಕ್ಕವಳು ಫೋನ್ ಮಾಡುತ್ತಾಳೆ. ಅಪ್ಪ ಮುಖ ತೊಳೆದು, ತಲೆ ಬಾಚಿ, ಯಾರೋ ಎದುರಿಗೆ ಬಂದು ಕೂರುತ್ತಾರೇನೋ ಎಂಬಂತೆ ಶೆಡ್ಡಿನ ಮುಂದಿನ ಬೆಂಚಿನ ಮೇಲೆ ಫೋನ್ ಹಿಡಿದು ಕೂರುತ್ತಾನೆ. ‘ಹೂಂ ಪುಟ್ಟೀ. ಹೂಂ. ಹೂಂ ಹೂಂ.’ ಮುಖದ ತುಂಬ ನಗು. ಅರ್ಧ ಗಂಟೆ ಬೇಕಾದರೂ ಹೂಂಗುಟ್ಟುತ್ತಾನೆ. ಹತ್ತಿರ ಹೋದರೆ ಕೈಯಾಡಿಸಿ ದೂರ ಕಳಿಸುತ್ತಾನೆ. ಅವರಿಬ್ಬರ ಮಧ್ಯೆ ಅದೇನು ಗುಟ್ಟಿನ ಮಾತಪ್ಪಾ ಎಂದು ನಾನು ಒಳಗೆ ಪಾತ್ರೆಗಳನ್ನು ಕುಕ್ಕುತ್ತಿದ್ದೆ. ಸ್ಪೀಕರ್ ಹಾಕಿಕೊಂಡು ಹೇಗೋ ಅವಳ ದನಿ ಹಿಡಿಯುತ್ತಾನೆ, ಪುಟ್ಟಿಯ ದನಿ ಅಲ್ಲವೇ, ಅದಕ್ಕೆ ಕಿವಿ ತೆರೆಯುತ್ತದೆ, ನಾನು ಕೂಗಿದರೆ ಮಾತ್ರ ತೆರೆಯುವುದಿಲ್ಲ ಎಂದೇ ನಂಬಿದ್ದೆ. ಹೊಟ್ಟೆಕಿಚ್ಚಿಗೆ ಬುದ್ಧಿ ಎಲ್ಲಿಂದ ಬರಬೇಕು?

ಅಂಥ ಒಂದು ಭಾನುವಾರ ಕಳೆದು ಎರಡು ದಿನಕ್ಕೆ, ಮಧ್ಯಾಹ್ನ, ಅವಳ ಬಿಳಿ ಕಾರು ಹೇಳದೆ ಕೇಳದೆ ಬಂದು ಶೆಡ್ಡಿನ ಮುಂದೆ ನಿಂತಿತು. ಕಾರು ಬಿಳಿ ಎಂದು ಊಹಿಸಬೇಕಿತ್ತು, ಅಷ್ಟು ಧೂಳು. ಮುಂದಿನ ಗಾಜಿನ ಮೇಲೆ ಹುಳುಗಳು ಅಪ್ಪಳಿಸಿ ಒಣಗಿದ್ದವು. ವೈಪರ್ ಅವನ್ನೆಲ್ಲ ಸಾರಿಸಿ, ಚಾಲಕನ ಕಣ್ಣೆದುರಿಗೇ ಒಂದು ಕಂದು ಕಮಾನು ಎಳೆದಿತ್ತು. ಅವಳು ಇಳಿದಳು. ಕಣ್ಣು ಕೆಂಪಗಿತ್ತು. ಧೂಳಿಗೆ ಇರಬೇಕು ಎಂದುಕೊಂಡೆ.

‘ಪುಟ್ಟೀ!’

ಅಪ್ಪ ಬೆಂಚಿನಿಂದ ಎದ್ದ ರೀತಿ ನೋಡಬೇಕಿತ್ತು. ಬೆಳಿಗ್ಗೆ ‘ಮಂಡಿ ನೋವು, ಜಾಕ್ ನೀನೇ ಎಳ್ಕೋ’ ಎಂದ ಅದೇ ಮಂಡಿ. ಅವಳು ಬಂದು ಅವನ ಎದೆಗೆ ತಲೆಯಿಟ್ಟಳು. ನಾನು ಕೈಯಲ್ಲಿ ಆಯಿಲ್ ಫಿಲ್ಟರ್ ಹಿಡಿದು ನಿಂತಿದ್ದೆ. ಅದನ್ನು ಇಡಲೂ ಜಾಗ ಕಾಣಲಿಲ್ಲ ನೋಡಿ.

‘ಗ್ಲಾಸಿಗೆ ನೀರೇ ಚಿಮ್ಮಲ್ಲ ಅಪ್ಪಾ. ದಾರಿ ಪೂರ್ತಿ ಏನೂ ಕಾಣ್ಲಿಲ್ಲ. ಎರಡು ಸಲ ನಿಲ್ಸಿ ಬಾಟಲಿ ನೀರು ಸುರಿದು ಒರೆಸ್ಕೊಂಡು ಬಂದೆ’ ಎಂದಳು.

ಅಪ್ಪನಿಗೆ ಕೇಳಿಸಿದ್ದು ಎಷ್ಟೋ. ಆದರೆ ಅವಳು ಗಾಜಿನ ಕಡೆ ಕೈ ತೋರಿಸಿ, ಬೆರಳುಗಳನ್ನು ಅರಳಿಸಿ ನೀರು ಚಿಮ್ಮುವಂತೆ ಮಾಡಿ, ತಲೆಯಾಡಿಸಿದ್ದಳು. ಅಷ್ಟು ಸಾಕಾಯಿತು. ಮೇಸ್ತ್ರಿ ಅಂಗಿಯ ತೋಳು ಮಡಚಿದ. ನಾನು ಅಭ್ಯಾಸಬಲದಿಂದ ಅವನ ಬಲಗಡೆ ಹೋಗಿ ನಿಂತೆ. ಅವನು ನನ್ನನ್ನು ಮೊಣಕೈಯಿಂದ ಮೆಲ್ಲಗೆ ಆಚೆ ಸರಿಸಿದ. ಬಲಗಡೆಗೆ ಅವಳು ಬಂದು ನಿಂತಳು. ಆ ಕ್ಷಣ ನನಗಾದ ಸಂಕಟ ಯಾರಿಗೂ ಬೇಡ.

ಈ ನೀರು ಚಿಮ್ಮಿಸುವ ವ್ಯವಸ್ಥೆ ದೊಡ್ಡ ಬ್ರಹ್ಮವಿದ್ಯೆಯೇನಲ್ಲ. ಹೆಡ್‌ಲೈಟಿನ ಹಿಂದೆ ಒಂದು ಪ್ಲಾಸ್ಟಿಕ್ ಡಬ್ಬಿ, ಅದರ ತಳದಲ್ಲಿ ಹೆಬ್ಬೆರಳಿನ ಗಾತ್ರದ ಪಂಪು, ಅಲ್ಲಿಂದ ಒಂದು ಸಣ್ಣ ರಬ್ಬರ್ ಕೊಳವೆ, ಕೊನೆಗೆ ಬಾನೆಟ್ ಮೇಲೆ ಎರಡು ಸೂಜಿಕಣ್ಣು. ಸ್ಟಿಯರಿಂಗ್ ಪಕ್ಕದ ಕಡ್ಡಿ ಎಳೆದಾಗ ಪಂಪು ಸದ್ದು ಮಾಡದಿದ್ದರೆ ಕರೆಂಟಿನ ತೊಂದರೆ. ಮೊದಲು ಫ್ಯೂಸ್ ನೋಡಬೇಕು, ಆಮೇಲೆ ಪಂಪು. ಸದ್ದು ಮಾಡಿಯೂ ನೀರು ಬರದಿದ್ದರೆ ಪಂಪು ಬದುಕಿದೆ, ದಾರಿಯಲ್ಲೆಲ್ಲೋ ಕಟ್ಟಿಕೊಂಡಿದೆ. ಸದ್ದು ಇದೆಯೋ ಇಲ್ಲವೋ ಎಂಬುದರಲ್ಲೇ ಎಲ್ಲ ಇದೆ.

‘ಪುಟ್ಟೀ, ಕೀ ತಿರುಗಿಸಿ ಕಡ್ಡಿ ಎಳಿ’ ಎಂದ. ಅವಳು ಒಳಗೆ ಕೂತು ಎಳೆದಳು. ಅಪ್ಪ ಹೆಡ್‌ಲೈಟಿನ ಹತ್ತಿರ ಬಗ್ಗಿ, ಕಿವಿಯಿಟ್ಟು, ಕಣ್ಣು ಮುಚ್ಚಿದ. ಮೊದಲಿನ ಅಪ್ಪನ ಹಾಗೆಯೇ. ಪಂಪು ಗುಂಯ್ ಎಂದು ಓಡುತ್ತಿತ್ತು. ನಾನು ನಿಂತಲ್ಲಿಗೇ ಚೆನ್ನಾಗಿ ಕೇಳಿಸಿತು. ಅಪ್ಪ ಈಗ ನನ್ನ ಕಡೆ ತಿರುಗಬೇಕು, ‘ನೀನು ಹೇಳು ನೋಡೋಣ’ ಎನ್ನಬೇಕು. ತಿರುಗಲಿಲ್ಲ. ಪುಟ್ಟಿ ನೋಡುತ್ತಿದ್ದಾಳಲ್ಲ! ಬೆರಳು ತಾನಾಗಿಯೇ ಎದ್ದಿತು.

‘ಪಂಪು ಸತ್ತಿದೆ’ ಎಂದ.

ಫ್ಯೂಸ್ ನೋಡದೆ ಪಂಪಿನ ಹೆಸರೆತ್ತುವವನಲ್ಲ ಅವನು. ಅವತ್ತು ಚಿಕ್ಕ ಮಗಳ ಮುಂದೆ ಹುರುಪು. ಬೆಂಚಿನ ಮೇಲೆ ಕೂತು ಟೀ ಕುಡಿಯುತ್ತಿದ್ದ ಶಾಲಾ ವ್ಯಾನಿನ ಡ್ರೈವರ್, ‘ಮೇಸ್ತ್ರಿ, ಏನೋ ಗುಂಯ್ ಅಂತಿದೆಯಲ್ಲ?’ ಎಂದ.

ಒಂದು ಮಾತು ಸಾಕಿತ್ತು. ‘ಹೌದು, ಅಪ್ಪನಿಗೆ ಕೇಳ್ಸಲ್ಲ, ವರ್ಷದಿಂದ ಎಲ್ಲ ಕೇಳ್ತಿರೋದು ನಾನು’ ಎಂದುಬಿಟ್ಟಿದ್ದರೆ ಅವಳಿಗೂ ಗೊತ್ತಾಗುತ್ತಿತ್ತು, ಬೀದಿಗೂ ಗೊತ್ತಾಗುತ್ತಿತ್ತು. ನಾಲಿಗೆಯ ತುದಿಗೆ ಬಂದಿತ್ತು. ಆದರೆ ಬೆರಳೆತ್ತಿ ನಿಂತ ಅಪ್ಪನ ಮುಖ ನೋಡಿದೆ. ಹಾಳು ಕರುಳು, ಅದೊಂದು ಇರುತ್ತದಲ್ಲ.

‘ಗುಂಯ್ ಅಂತಿರೋದು ನಿಮ್ಮ ತಲೆ. ಟೀ ಆಯ್ತಲ್ಲ, ಮಕ್ಕಳು ಶಾಲೆ ಬಿಟ್ಟು ಕಾಯ್ತಿರ್ತಾರೆ, ಹೊರಡಿ’ ಎಂದೆ.

‘ಅಯ್ಯೋ ನಿಮ್ಮ ಬಾಯಿಗೆ ಬೀಗ ಹಾಕೋ ಮೇಸ್ತ್ರಿ ಇನ್ನೂ ಹುಟ್ಟಿಲ್ಲ ಬಿಡಿ’ ಎಂದು ನಗುತ್ತಾ ಅವನು ವ್ಯಾನ್ ಹತ್ತಿ ಹೋದ. ಚಿಕ್ಕವಳು ಕಿಟಕಿಯಿಂದ ತಲೆ ಹೊರಗೆ ಹಾಕಿ, ‘ಅಕ್ಕಾ, ಪಂಪು ಓಡ್ತಾ ಇದೆ ಅನ್ಸುತ್ತೆ’ ಎಂದಳು. ಎಷ್ಟಾದರೂ ಅವಳೂ ಇದೇ ಶೆಡ್ಡಿನಲ್ಲಿ ಹುಟ್ಟಿದವಳು. ‘ಅಪ್ಪ ಹೇಳಿದ್ಮೇಲೆ ಮುಗೀತು. ನಿನ್ನ ಲ್ಯಾಬಲ್ಲ ಇದು’ ಎಂದು ಗದರಿ, ಹೆಡ್‌ಲೈಟಿನ ಹಿಂದೆ ಕೈ ತೂರಿಸಿದೆ.

ನನ್ನ ಲೆಕ್ಕ ಇಷ್ಟೇ. ಪಂಪು ಬಿಚ್ಚುವ ನೆಪದಲ್ಲಿ ನಿಜವಾದ ತೊಂದರೆ ಹುಡುಕಿ ಸರಿ ಮಾಡುವುದು, ಹೊಸ ಪಂಪಿನಿಂದ ಸರಿಹೋಯಿತು ಎನ್ನುವುದು. ಅಪ್ಪನ ಮಾನವೂ ಉಳಿಯಿತು, ಅವಳ ಕಾರೂ ಹೊರಟಿತು. ಬೇಗ ಹೊರಟಷ್ಟೂ ಒಳ್ಳೆಯದು.

ತುಂಬಿದ ಡಬ್ಬಿಯಿಂದ ಪಂಪು ಕಿತ್ತರೆ ಆ ತೂತಿನಿಂದ ನೀರು ದಬದಬನೆ ಸುರಿಯಬೇಕು. ಅದಕ್ಕೇ ಕೆಳಗೆ ಬಕೆಟ್ ಇಟ್ಟೆ. ಪಂಪು ಎಳೆದೆ. ಒಂದು ಹನಿ ಬೀಳಲಿಲ್ಲ. ಡಬ್ಬಿಯಲ್ಲಿ ಕತ್ತಿನ ತನಕ ನೀರು, ತಳದ ತೂತು ಒಣ. ನಾನು ತಲೆಯೆತ್ತಿದಾಗ ಅಪ್ಪ ಆ ಒಣ ತೂತನ್ನೇ ನೋಡುತ್ತಿದ್ದ. ಅವನ ಕಿವಿ ಹೋಗಿರಬಹುದು, ಕಣ್ಣು ಹೋಗಿರಲಿಲ್ಲ. ಕಟ್ಟಿಕೊಂಡಿರುವುದು ಡಬ್ಬಿಯ ಬಾಯಿ, ಪಂಪಿನ ತಪ್ಪಲ್ಲ ಎಂದು ಅವನಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಕೈ ಚಾಚಿದ. ವೈರ್ ಇನ್ನೂ ಸಿಕ್ಕಿಸಿದಂತೆಯೇ ಇದ್ದ ಪಂಪನ್ನು ಅವನ ಅಂಗೈಯಲ್ಲಿಟ್ಟೆ. ‘ಪುಟ್ಟೀ, ಎಳಿ’ ಎಂದ. ಅವಳು ಕಡ್ಡಿ ಎಳೆದಳು. ಪಂಪು ಅಂಗೈಯಲ್ಲಿ ಹಕ್ಕಿಮರಿಯಂತೆ ನಡುಗಿತು. ಅಪ್ಪ ಅದನ್ನು ಸ್ವಲ್ಪ ಹೊತ್ತು ಹಾಗೇ ಹಿಡಿದುಕೊಂಡಿದ್ದ. ಆಮೇಲೆ ನನ್ನ ಕೈಗೆ ಕೊಟ್ಟು, ಹೋಗಿ ಬೆಂಚಿನ ಮೇಲೆ ಬೀದಿಗೆ ಮುಖ ಮಾಡಿ ಕೂತ.

ಅವಳು ಇಳಿದು ಬಂದಳು. ನಾನು ತಂತಿ ಬಾಗಿಸಿ ಡಬ್ಬಿಯ ತೂತಿಗೆ ಚುಚ್ಚಿದೆ. ಒಳಗೆ ಒಂದು ಪುಟ್ಟ ಜರಡಿ ಇರುತ್ತದೆ, ಅದರ ಸುತ್ತ ಏನೋ ಮೆತ್ತಗಿನದು. ತಿರುವಿ ಎಳೆದಾಗ ಬಿಳಿ ಮುದ್ದೆಯೊಂದು ಪಚಕ್ಕನೆ ಬಕೆಟ್ಟಿಗೆ ಬಿತ್ತು, ಹಿಂದೆಯೇ ನೀರು. ಶೆಡ್ಡೆಲ್ಲ ಬಟ್ಟೆ ಒಗೆಯುವ ಪುಡಿಯ ವಾಸನೆ.

‘ಯಾವ ಮಹಾ ಬುದ್ಧಿವಂತೆ ಇದಕ್ಕೆ ಸೋಪಿನ ಪುಡಿ ಸುರಿದಿದ್ದು? ಕಾರೇನು ಬೆಡ್‌ಶೀಟಾ?’

‘ಅಪ್ಪಾನೇ ಹೇಳಿದ್ದು’ ಎಂದಳು.

‘ಅಪ್ಪ? ಒಂದು ಚಿಟಿಕೆಗಿಂತ ಹೆಚ್ಚು ಹಾಕಿದವರ ಕೈ ಮುರೀತೀನಿ ಅನ್ನೋ ಮನುಷ್ಯ?’

‘ನಿಜ ಅಕ್ಕ. ಹೋದ ತಿಂಗಳು ಫೋನಲ್ಲಿ ಕೇಳ್ದೆ, ಗ್ಲಾಸ್ ಜಿಡ್ಡಾಗುತ್ತೆ, ಸೋಪಿನ ಪುಡಿ ಹಾಕ್ಲಾ ಅಂತ. ಹೂಂ ಅಂದ. ಒಂದು ಹಿಡಿ ಸಾಕಾ ಅಂದೆ, ಹೂಂ ಅಂದ. ಇನ್ನೊಂದು ಹಿಡಿ ಹಾಕಿದ್ರೆ ಇನ್ನೂ ಚೆನ್ನಾಗಿರುತ್ತಾ ಅಂದೆ. ಅದಕ್ಕೂ ಹೂಂ ಅಂದ.’

ನನ್ನ ಕೈಯಲ್ಲಿದ್ದ ತಂತಿ ಅಲ್ಲೇ ನಿಂತಿತು. ಪಾತ್ರೆ ಕುಕ್ಕಿದ ಭಾನುವಾರಗಳೆಲ್ಲ ಕಣ್ಮುಂದೆ ಬಂದವು. ಸ್ಪೀಕರ್ರೂ ಇಲ್ಲ, ಪುಟ್ಟಿಯ ದನಿಗೆ ತೆರೆಯುವ ಕಿವಿಯೂ ಇಲ್ಲ. ಅವನು ಒಂದು ಮಾತನ್ನೂ ಕೇಳುತ್ತಿರಲಿಲ್ಲ. ಮಗಳು ಆ ಕಡೆ ಇದ್ದಾಳೆ ಎಂಬುದಷ್ಟೇ ಅವನಿಗೆ ಸಾಕಾಗಿತ್ತು, ಸುಮ್ಮನೆ ಹೂಂಗುಟ್ಟುತ್ತಾ ನಗುತ್ತಿದ್ದ. ಮತ್ತು ನೋಡಿ, ನನ್ನ ಮನಸ್ಸಿನ ಮೊದಲ ಭಾವ ಖುಷಿ. ತಣ್ಣಗಿನ, ಕೆಟ್ಟ ಖುಷಿ. ಅವಳಿಗೂ ಏನೂ ಸಿಕ್ಕಿಲ್ಲ!

ಆ ಖುಷಿಯಲ್ಲೇ ಹೇಳಿದೆ, ‘ಅಪ್ಪನಿಗೆ ಫೋನಲ್ಲಿ ಏನೂ ಕೇಳಲ್ಲ ಕಣೇ.’

‘ಏನೂ ಅಂದ್ರೆ?’

‘ಒಂದಕ್ಷರಾನೂ. ವರ್ಷದ ಮೇಲಾಯ್ತು. ಎಡಗಿವಿ ಹೋಗಿದೆ, ಬಲಗಿವಿಗೆ ಬಾಯಿಟ್ಟು ಅರಚಬೇಕು. ನೀನು ಅಷ್ಟು ಹೊತ್ತು ಏನೇನು ಹರಟಿದ್ದೀಯೋ, ಎಲ್ಲಾ ಗೋಡೆಗೆ ಹೇಳಿದ ಹಾಗೆ.’

ಅವಳು ಬಕೆಟ್ ನೋಡುತ್ತಾ ನಿಂತಳು. ಬೈಯುತ್ತಾಳೆ, ಯಾಕೆ ಮುಚ್ಚಿಟ್ಟೆ ಎಂದು ಜಗಳಕ್ಕೆ ಬರುತ್ತಾಳೆ ಎಂದುಕೊಂಡಿದ್ದೆ. ಬರಲಿಲ್ಲ. ನಾನು ಬಿಸಿನೀರು ತಂದು ಡಬ್ಬಿ ತೊಳೆದೆ, ಕೊಳವೆಗೆ ಊದಿದೆ, ಸೂಜಿಯಿಂದ ಬಾನೆಟ್ಟಿನ ಕಣ್ಣು ಬಿಡಿಸಿದೆ, ಪಂಪು ಹಾಕಿ ಹೊಸ ನೀರು ತುಂಬಿದೆ. ನಾನೇ ಒಳಗೆ ಕೈ ಹಾಕಿ ಕಡ್ಡಿ ಎಳೆದೆ. ನೀರು ಸುಂಯ್ ಎಂದು ಗಾಜಿನ ಮೇಲೆ ಎದ್ದು, ಆ ಕಂದು ಕಮಾನು ಕರಗಿ ಇಳಿಯಿತು. ಯಾರೂ ಭೇಷ್ ಎನ್ನಲಿಲ್ಲ.

‘ಆಯ್ತು ನೋಡು. ಇನ್ನು ಆರಾಮಾಗಿ ಹೋಗ್ಬಹುದು ನೀನು’ ಎಂದೆ.

ಅವಳು ಹೋಗಿ ಡಿಕ್ಕಿ ಎತ್ತಿದಳು. ಒಳಗೆ ಒಂದು ದೊಡ್ಡ ಬ್ಯಾಗು, ಒಂದು ಚಿಕ್ಕ ಬ್ಯಾಗು, ಇಸ್ತ್ರಿಪೆಟ್ಟಿಗೆ, ಅಮ್ಮ ಅವಳ ಮದುವೆಗೆ ಕೊಟ್ಟ ಹೊಲಿಗೆ ಮಿಷನ್ನಿನ ತಲೆ. ಎರಡು ದಿನಕ್ಕೆ ಬರುವವರು ಹೊಲಿಗೆ ಮಿಷನ್ ತರುವುದಿಲ್ಲ.

‘ಭಾನುವಾರ ಕೇಳಿದ್ದೆ ಅಕ್ಕ’ ಎಂದಳು. ‘ಮನೇಲಿ ಅವರು ನನ್ನ ಹತ್ರ ಮಾತು ಬಿಟ್ಟು ತಿಂಗಳುಗಳಾದ್ವು. ತಮ್ಮ ರೂಮಿಗೆ ತಾವೇ ಬೀಗ ಹಾಕ್ಕೊಂಡು ಕೆಲಸಕ್ಕೆ ಹೋಗ್ತಾರೆ. ಒಂದೇ ಮನೇಲಿ ಬಾಡಿಗೆಗೆ ಇದ್ದ ಹಾಗೆ ಇದ್ದೆ. ವಾರಕ್ಕೊಮ್ಮೆ ಅಪ್ಪನ ಹತ್ರ ಎಲ್ಲಾ ಹೇಳ್ಕೊಂಡು ಅತ್ತು, ಅಪ್ಪ ಹೂಂ ಅಂದ್ರೆ ಮನಸ್ಸು ಹಗುರ ಆಗ್ತಿತ್ತು. ಈ ಸಲ ಕೇಳೇಬಿಟ್ಟೆ, ಇನ್ನು ಆಗಲ್ಲಪ್ಪ, ಬಂದ್ಬಿಡ್ಲಾ ಅಂತ. ಹೂಂ ಪುಟ್ಟೀ ಅಂದ. ನಾನು ಸಾಮಾನು ಕಟ್ಟಿದೆ.’

ನಾನು ಕೈ ಒರೆಸಿದ ಬಟ್ಟೆಯಲ್ಲೇ ಮತ್ತೆ ಮತ್ತೆ ಕೈ ಒರೆಸಿದೆ. ಅವಳು ಅಳುವಾಗ ಅಪ್ಪ ಆ ಬೆಂಚಿನ ಮೇಲೆ ನಗುತ್ತಾ ಕೂತಿದ್ದ. ಒಳಗೆ ಪಾತ್ರೆಗಳ ಜೊತೆ ಸಿಟ್ಟು ತೀರಿಸಿಕೊಳ್ಳುತ್ತಾ ನಾನೂ ಇದ್ದೆ. ಅಯ್ಯೋ ಪಾಪ ಎನ್ನಿಸಿತು. ಅದರ ಬೆನ್ನಿಗೇ ಇನ್ನೊಂದೂ ಬಂತು. ಇವಳು ಬಂದರೆ ಇನ್ನು ದಿನಾ ‘ಪುಟ್ಟೀ’. ಬಲಗಡೆಗೆ ದಿನಾ ಇವಳು. ಒಂದೇ ಮೊಣಕೈಯಲ್ಲಿ ಇವತ್ತು ಸರಿಸಿದ ಹಾಗೆ ನನ್ನನ್ನು ದಿನಾ ಸರಿಸುತ್ತಾನೆ.

‘ಅಪ್ಪ ಬಾ ಅಂದೇ ಇಲ್ಲ ಹಾಗಾದ್ರೆ’ ಎಂದು ಡಿಕ್ಕಿ ಮುಚ್ಚಲು ಹೋದಳು. ನಾನು ಹಿಡಿದೆ. ಯಾಕೆ ಹಿಡಿದೆನೋ ದೇವರಿಗೇ ಗೊತ್ತು.

‘ಇರು. ಈಗ ಕೇಳು ಹೋಗಿ. ಬಲಗಿವಿಗೆ ಕೇಳು.’

‘ಬೀದೀಲಿ ನಿಂತು ಗಂಡನ ಮನೆ ಬಿಟ್ಟೆ ಅಂತ ಹೇಗೆ ಅರಚಲಿ? ನನ್ನಿಂದಾಗಲ್ಲ. ನೀನೇ ಕೇಳು ಅಕ್ಕ. ನಾನು ಮುಖ ತೊಳ್ಕೊಂಡು ಬರ್ತೀನಿ. ಬೇಡ ಅಂದ್ರೆ ಹೇಳು, ಹೋಗ್ತೀನಿ’ ಎಂದು ಅವಳು ಒಳಗೆ ಹೋದಳು. ಬಚ್ಚಲಲ್ಲಿ ನಲ್ಲಿ ಬಿಟ್ಟ ಸದ್ದು ಬಂತು.

ನಾನು ಬೆಂಚಿಗೆ ಹೋಗಿ ಅಪ್ಪನ ಬಲಕ್ಕೆ ಕೂತೆ. ಅವನು ಪಂಪು ಹಿಡಿದಿದ್ದ ಅಂಗೈಯನ್ನು ಇನ್ನೂ ನೋಡಿಕೊಳ್ಳುತ್ತಿದ್ದ. ಎದುರಿಗೆ ಟೀ ಅಂಗಡಿಯವನು ಲೋಟ ತೊಳೆಯುತ್ತಿದ್ದ. ಈಗ ನಾನು ಏನು ಹೇಳಿದರೂ ನಡೆಯುತ್ತಿತ್ತು. ‘ಪುಟ್ಟಿ ಹೊರಟಿದ್ದಾಳೆ, ಬೆಳಕಿರುವಾಗಲೇ ಹೋಗಬೇಕಂತೆ’ ಎಂದರೆ ಅವನು ಹೂಂ ಎನ್ನುತ್ತಿದ್ದ. ಅವಳಿಗೆ ‘ಅಪ್ಪ ಬೇಡ ಅಂದ’ ಎಂದರೆ ಅವಳು ನಂಬುತ್ತಿದ್ದಳು. ನೀರು ಸರಿಯಾಗಿ ಚಿಮ್ಮುವ ಕಾರು, ಚೊಕ್ಕ ಗಾಜು, ಹೋಗಿಬಿಡುತ್ತಿದ್ದಳು. ಬಾಯಿ ತೆರೆದು, ಮುಚ್ಚಿ, ಮತ್ತೆ ತೆರೆದೆ.

‘ಅಪ್ಪಾ, ಪುಟ್ಟಿ ಗಂಡನ ಮನೆ ಬಿಟ್ಟು ಬಂದಿದಾಳೆ! ಅಲ್ಲಿ ಅವಳಿಗೆ ಆಗ್ತಿಲ್ಲ! ಇಲ್ಲೇ ಇರ್ತೀನಿ ಅಂತಾಳೆ, ಇರಬಹುದಾ ಅಂತ ಕೇಳ್ತಿದಾಳೆ!’

ಇದ್ದುದನ್ನು ಇದ್ದ ಹಾಗೆ ಅರಚಿದೆ. ಟೀ ಅಂಗಡಿಯವನ ಕೈಯಲ್ಲಿ ಲೋಟ ನಿಂತಿತು. ಅಪ್ಪ ನನ್ನ ಮುಖ ನೋಡಿದ. ಈಗ ಎದ್ದು ‘ಪುಟ್ಟೀ’ ಎಂದು ಒಳಗೆ ಓಡುತ್ತಾನೆ ಎಂದು ಕಾದೆ. ಅವನು ನನ್ನ ಮುಂಗೈ ಹಿಡಿದುಕೊಂಡ. ಕಿವುಡರಿಗೆ ತಮ್ಮ ದನಿ ಎಷ್ಟು ದೊಡ್ಡದು ಎಂದು ತಿಳಿಯುವುದಿಲ್ಲ. ಅವನು ಗುಟ್ಟಾಗಿ ಕೇಳುತ್ತಿದ್ದೇನೆ ಎಂದುಕೊಂಡಿದ್ದ, ಬೀದಿಯ ಆ ತುದಿಗೆ ಕೇಳಿಸಿತು.

‘ಅವಳು ಬಂದ್ರೆ ನೀನು ಹೊರಟುಹೋಗಲ್ಲ ತಾನೆ?’

ನಾನು ಟೀ ಅಂಗಡಿಯ ಕಡೆ ನೋಡಿದೆ. ನನಗೆ ಕೇಳಿಸಲಿಲ್ಲ ಎಂದುಕೊಂಡನೋ ಏನೋ, ಇನ್ನೂ ಜೋರಾಗಿ ಹೇಳಿದ.

‘ಅವಳು ಇರಲಿ, ಬೇಡ ಅನ್ನಲ್ಲ. ನನ್ನ ಮಗಳೇ. ಆದ್ರೆ ಅವಳಿಲ್ದೆ ಇದ್ದು ನನಗೆ ಅಭ್ಯಾಸ ಆಗಿದೆ. ನೀನು ಇಲ್ದೆ ಒಂದು ದಿನಾನೂ ಆಗಲ್ಲ. ಕೇಳಿಸ್ತಾ?’

ಒಳಗೆ ನಲ್ಲಿಯ ಸದ್ದು ನಿಂತಿತು.

ಎಷ್ಟು ವರ್ಷ ಕಾದ ಮಾತು! ಕೇಳಬೇಕಾದವರೆಲ್ಲ ಕೇಳಿಸಿಕೊಂಡಿದ್ದರು. ನಾನು ಅಪ್ಪನ ಬಾಯಿಗೆ ಕೈ ಅಡ್ಡ ಹಿಡಿದು, ‘ಮೆತ್ತಗೆ ಅಪ್ಪಾ, ಮೆತ್ತಗೆ’ ಎಂದೆ. ಅವನಿಗೆ ಅದು ಕೇಳಿಸಲಿಲ್ಲ. ಕೈ ಸರಿಸಿ, ಇನ್ನೊಮ್ಮೆ, ‘ಹೋಗಲ್ಲ ಅನ್ನು’ ಎಂದ. ‘ಹೋಗಲ್ಲ! ಹೋಗಲ್ಲ!’ ಎಂದು ಕೂಗಿದೆ.

ತಿರುಗಿದಾಗ ಚಿಕ್ಕವಳು ಹಿಂದಿನ ಬಾಗಿಲಲ್ಲಿ ನಿಂತಿದ್ದಳು. ಮುಖದಿಂದ ನೀರು ಇಳಿಯುತ್ತಿತ್ತು, ಒರೆಸಿಕೊಂಡಿರಲಿಲ್ಲ. ನನ್ನ ಮುಂಗೈ ಹಿಡಿದ ಅಪ್ಪನ ಕೈಯನ್ನೇ ನೋಡುತ್ತಿದ್ದಳು. ಆ ನೋಟ ನನಗೆ ಚೆನ್ನಾಗಿ ಗೊತ್ತು. ಇಷ್ಟು ವರ್ಷ ಅದು ನನ್ನದಾಗಿತ್ತು, ಬೇರೆಯವರ ಮುಖದಲ್ಲಿ ನೋಡಿದ್ದು ಅದೇ ಮೊದಲು.

ನಾನು ಎದ್ದು ಹೋಗಿ ಡಿಕ್ಕಿಯಿಂದ ಹೊಲಿಗೆ ಮಿಷನ್ ಎತ್ತಿಕೊಂಡೆ. ಅದು ಭಾರ. ಅವಳ ಪಕ್ಕದಿಂದ ಒಳಗೆ ಹೋಗುವಾಗ, ‘ಬ್ಯಾಗು ನೀನು ತಗೋ’ ಎಂದೆ. ಅವಳು ತಕ್ಷಣ ಕದಲಲಿಲ್ಲ. ಮಿಷನ್ನನ್ನು ನನ್ನ ಮಂಚದ ಪಕ್ಕ ಇಟ್ಟು, ಅವಳು ಬ್ಯಾಗು ತರುವುದನ್ನು ಕಾಯುತ್ತಾ ಬಾಗಿಲ ಕಡೆ ನೋಡಿ ನಿಂತೆ.